ಸಪ್ಪಳವಿಲ್ಲದ ಗಾಡಿ

ಗೇಟು ತೆರೆದಿರಲಿಲ್ಲ. ಇಸ್ತ್ರಿ ಅಂಗಡಿಯ ತಿರುವಿನಿಂದ ಇಳಿಜಾರಿನಲ್ಲಿ ತಾನಾಗಿಯೇ ಉರುಳಿ ಬಂದ ಗಾಡಿಯ ಮುಂದಿನ ಚಕ್ರ ಗೇಟಿನ ಸರಳಿಗೆ ಇನ್ನೇನು ತಾಗಬೇಕು, ಅಷ್ಟರಲ್ಲಿ ಅವಧೂತ ಬ್ರೇಕು ಹಿಡಿದು ಕಾಲು ಊರಿ ನಿಂತ. ಪೆಟ್ರೋಲು ಮುಗಿದು ದಾರಿಯಲ್ಲೇ ಇಂಜಿನ್ನು ನಿಂತುಹೋಗಿದ್ದು ಅವನಿಗೆ ಅವಮಾನವೆನಿಸಿರಲಿಲ್ಲ, ಅದಕ್ಕೆ ಘನವಾದ ಕಾರಣವಿತ್ತು. ಮಗಳು, ಮರಾಠಿ ಹೂವಿನ ಹೆಸರಿನ ಸಾಯಲಿ, ಇವತ್ತು ತನ್ನದೇ ಗಾಡಿಯ ಮೇಲೆ ಕೊಲ್ಹಾಪುರಕ್ಕೆ, ಹೊಸ ಕೆಲಸಕ್ಕೆ ಹೊರಡುವವಳು. ಅವಳು ಹೋಗಿ ಪಂಪಿನ ಸಾಲಿನಲ್ಲಿ ನಿಲ್ಲಬಾರದೆಂದು ನಿನ್ನೆ ಸಂಜೆ ತನ್ನ ಟಾಕಿಗೆ ಪೈಪು ಇಳಿಬಿಟ್ಟು, ಬಾಯಿಂದ ಎಳೆದು, ಅವಳ ಟಾಕಿ ತುಂಬಿಸಿದ್ದ. ಮಗಳಿಗಾಗಿ ತಂದೆ ತನ್ನದನ್ನು ಬರಿದು ಮಾಡಿಕೊಂಡ ಎಂಬ ವಾಕ್ಯ ಹಾಲಿಗೆಂದು ಕಾತ್ರಜಕ್ಕೆ ಹೋಗುವಾಗಲೂ ಬರುವಾಗಲೂ ಅವನ ತಲೆಯಲ್ಲಿ ಓಡುತ್ತಿತ್ತು, ಯಾರಾದರೂ ಸಿಕ್ಕರೆ ಮರಾಠಿಯಲ್ಲಿ ಅದನ್ನು ಹೇಗೆ ಹೇಳಬೇಕೆಂದೂ ಜೋಡಿಸಿಟ್ಟುಕೊಂಡಿದ್ದ. ಆದರೆ ಈ ಗೇಟು? ಧನಕವಡಿಯ ಈ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಎಲ್ಲರೂ ಗೇಟಿನ ಮುಂದೆ ಹಾರ್ನು ಬಾರಿಸಿ ಬಾರಿಸಿ ಬೇಸತ್ತು ಕೊನೆಗೆ ತಾವೇ ಇಳಿದು ತೆರೆಯುವವರು. ಅವಧೂತನಿಗೆ ಮಾತ್ರ ಅವನು ತಿರುವು ದಾಟುವ ಮೊದಲೇ ಗೇಟು ಹಾ ಎಂದು ತೆರೆದಿರುತ್ತಿತ್ತು. ವಾಚ್‌ಮನ್ ಭೀಮು ಯಾದಗಿರಿ ಕಡೆಯವನು. ಕಟ್ಟಡದ ಕೆಲಸಕ್ಕೆಂದು ಬಂದು, ಮೊಣಕಾಲು ಕೈಕೊಟ್ಟ ಮೇಲೆ ಇಲ್ಲಿ ಕುರ್ಚಿ ಹಿಡಿದವನು. ಕನ್ನಡದವನೆಂದರೆ ಹೀಗೆ, ಎಂದು ಅವಧೂತ ಹೆಂಡತಿಗೆ ಎಷ್ಟು ಸಲ ಹೇಳಿದ್ದಾನೋ. "ನೋಡು ಸುಮಂಗಲಾ, ಹಾರ್ನ್ ಹೊಡಿಯೂದ ಬ್ಯಾಡ. ಮನಷ್ಯಾಗ ಮನಷ್ಯಾನ ಕಿಮ್ಮತ್ತು ಗೊತ್ತಿರಬೇಕು." ಹಾಗೆ ಹೇಳಿದಾಗಲೆಲ್ಲ ಸುಮಂಗಲಾ ಒಲೆಯ ಮೇಲಿನ ಬಾಣಲೆಯನ್ನು ಬಹಳ ಎಚ್ಚರದಿಂದ ನೋಡುತ್ತಿದ್ದಳು.

ಭೀಮು ಕುರ್ಚಿಯ ಮೇಲೆ ಕೂತು ಬಶಿಯಲ್ಲಿ ಚಹಾ ಸುರಿದುಕೊಂಡು ಕುಡಿಯುತ್ತಿದ್ದವನು ಎದುರಿಗೆ ಸಾಹೇಬರನ್ನು ಕಂಡು ದಡಬಡಿಸಿ ಎದ್ದ. ಅರ್ಧ ಚಹಾ ಅಂಗಿಯ ಮೇಲೆ ಬಿತ್ತು.

"ತಪ್ಪಾತ್ರಿ ಸಾಹೇಬ್ರ. ಗಾಡಿ ಸಪ್ಪಳ ಬರಲಿಲ್ರಿ, ಅದಕ್ಕ ಎದ್ದಿಲ್ರಿ."

"ಸಪ್ಪಳ? ಯಾವ ಸಪ್ಪಳ?"

"ನಿಮ್ಮ ಗಾಡೀದು ರೀ. ಇಸ್ತ್ರಿ ಅಂಗಡಿ ಹಿಂದ ಇರೂದ್ರಾಗೇ ಕೇಳ್ತದಲ್ರಿ, ಕಟಕಟ ಕಟಕಟ ಅಂತ. ಡಬ್ಬ್ಯಾಗ ಮೊಳಿ ಹಾಕಿ..." ಭೀಮು ಸಾಹೇಬರ ಮುಖ ನೋಡಿದ. ಬಾಯಿಗೆ ಬಂದದ್ದನ್ನು ಚಹಾದ ಜೊತೆ ನುಂಗಿಕೊಂಡ. "ಗಾಡಿ ಅಂದ ಮ್ಯಾಲೆ ಸಪ್ಪಳ ಇರಬೇಕಲ್ರಿ. ಛಲೋ ಸಪ್ಪಳ ರೀ ನಿಮ್ಮದು. ಗಂಡು ಸಪ್ಪಳ."

ಅವಧೂತ ಗಾಡಿ ತಳ್ಳಿಕೊಂಡು ಒಳಗೆ ಬಂದ. ಹಾಲಿನ ಚೀಲ ಹ್ಯಾಂಡಲಿಗೆ ಜೋತಾಡುತ್ತಿತ್ತು. ಪಾರ್ಕಿಂಗಿನ ಇದೇ ಕಂಬದ ಪಕ್ಕದಲ್ಲಿ, ದೀಪಾವಳಿಯ ರಜೆಯಲ್ಲಿ, ಅವನು ನೆರೆದ ನಾಲ್ಕು ಜನರೆದುರು ತನ್ನ ಗಾಡಿ ಬಿಚ್ಚಿ ಉಪನ್ಯಾಸ ಕೊಟ್ಟಿದ್ದ. ಇಂಜಿನ್ನಿನ ಹೊಟ್ಟೆಯೊಳಗೆ ಒಂದು ಚೈನು ಇರುತ್ತದೆ. ವಾಲ್ವು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದೆಲ್ಲ ಅದರ ಕೈಯಲ್ಲಿ. ಓಡಿ ಓಡಿ ಅದು ಜೋಲುತ್ತದೆ. ಜೋಲದಂತೆ ಪಕ್ಕದಿಂದ ಒತ್ತಿ ಹಿಡಿಯುವುದೇ ಟೆನ್ಶನರು. ಕಂಪನಿಯವರು ಕೊಡುವ ಟೆನ್ಶನರು ಸ್ಪ್ರಿಂಗಿನದು, ತಾನೇ ತಾನಾಗಿ ಒತ್ತಿಕೊಳ್ಳುವಂಥದ್ದು. ಅದು ಸವೆದರೆ ಚೈನು ಒಳಗೇ ಕಟಕಟ ಬಡಿಯಲು ಶುರು. ಬಡಿಯುತ್ತ ಬಡಿಯುತ್ತ ಒಂದು ದಿನ ಹಲ್ಲು ಜಿಗಿದರೆ ವಾಲ್ವು ಹೋಗಿ ಪಿಸ್ಟನ್ನಿಗೆ ಗುದ್ದಿ, ಇಂಜಿನ್ನು ಇದ್ದ ಜಾಗದಲ್ಲೇ ಸತ್ತ ಹಾಗೆ. ಇದಕ್ಕೆ ಅವಧೂತನ ಪರಿಹಾರವೇ ಬೇರೆ. ಭೋಸರಿಯ ವರ್ಕ್‌ಶಾಪಿನ ಲೇಥಿನಲ್ಲಿ ತಾನೇ ಮುಂದೆ ನಿಂತು ಅಲ್ಯುಮಿನಿಯಮ್ಮಿನಲ್ಲಿ ಕೊರೆಸಿದ ಎರಡು ಹೊಸ ಟೆನ್ಶನರು, ಒಂದು ತನಗೆ, ಇನ್ನೊಂದು ಮುಂದೆಂದಾದರೂ ಬೇಕಾಗಲಿ ಎಂದು. ಸ್ಪ್ರಿಂಗಿಲ್ಲ, ಆಟೋಮ್ಯಾಟಿಕ್ ಎಂಬ ಸೋಗಿಲ್ಲ, ಉದ್ದನೆಯ ಒಂದು ಬೋಲ್ಟು, ಅದನ್ನು ಕಚ್ಚಿ ಹಿಡಿಯಲು ಒಂದು ನಟ್ಟು. ಇಂಜಿನ್ನು ಚಾಲೂ ಇಟ್ಟು ಬೋಲ್ಟು ತಿರುಗಿಸುತ್ತ ಹೋಗಬೇಕು. ಕಟಕಟ ನಿಂತ ಕ್ಷಣಕ್ಕೆ ಕೈ ನಿಲ್ಲಬೇಕು. ಕಡಿಮೆಯಾದರೆ ಬಡಿತ, ಹೆಚ್ಚಾದರೆ ಸವೆತ. "ಇದಕ್ಕ ಗೇಜ್ ಇಲ್ರಿ," ಎಂದು ಅವನು ಅಂದು ಭೀಮುವಿಗೆ ಕನ್ನಡದಲ್ಲೂ, ಸೊಸೈಟಿಯ ಸೆಕ್ರೆಟರಿ ಕೃಷ್ಣಾಜಿಗೆ ಮರಾಠಿಯಲ್ಲೂ ಹೇಳಿ, ತನ್ನ ಕಿವಿಯ ಹಾಲೆಯನ್ನು ಹಿಡಿದು ಎಳೆದು ತೋರಿಸಿದ್ದ. "ಕಿವಿ ಬೇಕು, ಕಿವಿ." ಬೋಲ್ಟನ್ನು ಅವನು ಮುಟ್ಟಿದ್ದೇ ತಡ, ಬಡಿತ ನಿಂತಿತ್ತು. ಅಷ್ಟು ಬೇಗ ನಿಂತದ್ದು ತನ್ನ ಕೈಗುಣ ಎಂದು ಅವನು ತೀರ್ಮಾನಿಸಿದ್ದ. ನೆರೆದವರೂ ಹೌದೌದು ಎಂದು ತಲೆ ಆಡಿಸಿದ್ದರು. ಈಗ ನೆನೆದರೆ, ಅವರಲ್ಲಿ ಒಬ್ಬರೂ ಅವನ ಮುಖ ನೋಡಿರಲಿಲ್ಲ. ಎಲ್ಲರೂ ಇಂಜಿನ್ನನ್ನೇ ನೋಡುತ್ತಿದ್ದರು, ಮರ್ಯಾದಸ್ಥರ ಮನೆಯಲ್ಲಿ ಹಸುಗೂಸು ಅಳುವಾಗ ಅತಿಥಿಗಳು ಏನೂ ಅನ್ನಲಾರದೆ ನೋಡುವಂತೆ.

ನಿನ್ನೆ ಎರಡನೆಯ ಟೆನ್ಶನರನ್ನು ಸಾಯಲಿಯ ಗಾಡಿಗೆ ಹಾಕಿದ್ದ. ಅವಳ ಗಾಡಿ ಯಾರೋ ಓಡಿಸಿ ಬಿಟ್ಟದ್ದು, ಟೆನ್ಶನರು ಸವೆದದ್ದು ನಿಜವೇ. ಬಿಚ್ಚಿದಾಗ ಅದರ ಮೂತಿ ತಿಂದುಹೋಗಿದ್ದನ್ನು ಕಣ್ಣಾರೆ ಕಂಡಿದ್ದ. ಕಣ್ಣು ಇನ್ನೂ ಚೆನ್ನಾಗಿತ್ತು. ಹೊಸದನ್ನು ಕೂರಿಸಿ, ಇಂಜಿನ್ನು ಚಾಲೂ ಮಾಡಿ, ಬೋಲ್ಟು ಮುಟ್ಟಿದ್ದೇ ತಡ, ನಿಶ್ಶಬ್ದ. "ಹೆಂಗದ?" ಎಂದು ಮಗಳನ್ನು ಕೇಳಿದ್ದ. "ಮಸ್ತ್ ಅದ ಅಪ್ಪಾ," ಎಂದಿದ್ದಳು ಸಾಯಲಿ, ಹಲ್ಲು ಕಾಣುವಂತೆ ನಕ್ಕು.

ಮೆಟ್ಟಿಲು ಹತ್ತುತ್ತಿದ್ದವನು ನಡುವೆಯೇ ನಿಂತ: ತನ್ನ ಗಾಡಿ ಇನ್ನೂ ಕಟಕಟ ಎನ್ನುತ್ತಿದ್ದರೆ, ಮಗಳದ್ದು? ಇಷ್ಟು ದಿನ ಅವನು ಒಂದು ಸಂಗತಿಯನ್ನು ಗೊತ್ತಿದ್ದೂ ಗೊತ್ತಿಲ್ಲದಂತೆ ಸಂಭಾಳಿಸಿಕೊಂಡು ಬಂದಿದ್ದ, ಜೇಬಿನಲ್ಲಿ ಒದ್ದೆ ಕರವಸ್ತ್ರ ಇಟ್ಟುಕೊಂಡವನಂತೆ. ಈಗಿನ ಜನ ಬಾಯಿ ಬಿಟ್ಟು ಮಾತಾಡುವುದಿಲ್ಲ ಎನ್ನುತ್ತಿದ್ದ. ಟೀವಿಯವರು ಮೊದಲಿನ ಹಾಗೆ ಧ್ವನಿ ಕೊಡುವುದಿಲ್ಲ ಎನ್ನುತ್ತಿದ್ದ. ಫೋನಿನ ಕಂಪನಿ ಬದಲಿಸಿದ್ದ. ಕುಕ್ಕರ್ ಸೀಟಿ ಹಾಕುವುದೇ ಇಲ್ಲವೆಂದು ರಬ್ಬರು ಬದಲಿಸಿದ್ದ. ಸುಮಂಗಲಾ ಹೊಸ ರಬ್ಬರಿನಲ್ಲೇ ಅಡುಗೆ ಮಾಡಿಕೊಂಡಿದ್ದಳು. ಭೋಸರಿಯ ಪ್ರೆಸ್ ಶಾಪಿನಲ್ಲಿ ಅರ್ಧ ಆಯುಷ್ಯ ನಿಂತವನು ಅವನು. ಸುತ್ತಿಗೆಗಳ ನಡುವೆ ಸ್ಕ್ರೂಡ್ರೈವರಿನ ತುದಿಯನ್ನು ಮಶೀನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ, ಎಷ್ಟನೆಯ ಬೇರಿಂಗು ಸಾಯುತ್ತಿದೆ ಎಂದು ಹೇಳುವ ಮೆಂಟೇನನ್ಸ್ ಸಾಹೇಬ. ಕಿವಿಗೆ ಹಾಕಿಕೊಳ್ಳುವ ಬಿರಡೆಗಳನ್ನು ಕೂಲಿಗಳಿಗೆ ಹಂಚಿ, ಹಾಕಿಕೊಳ್ಳದವರನ್ನು ಬೈದು, ತಾನು ಮಾತ್ರ ಹಾಕಿಕೊಳ್ಳದವನು; ಹಾಕಿಕೊಂಡರೆ ಮಶೀನು ಮಾತಾಡಿದ್ದು ಕೇಳಬೇಡವೇ? ವರ್ಷಕ್ಕೊಮ್ಮೆ ತಪಾಸಣೆಯ ವ್ಯಾನು ಬರುತ್ತಿತ್ತು. ಗಾಜಿನ ಗೂಡಿನೊಳಗೆ ಕೂರಿಸಿ ಕಿವಿಗೆ ಸದ್ದು ಬಿಡುವರು. ಕೇಳಿಸಿದಾಗ ಗುಂಡಿ ಒತ್ತಬೇಕು. ಕೊನೆಯ ವರ್ಷಗಳಲ್ಲಿ ಅವಧೂತ ಗಾಜಿನಾಚೆ ಕೂತ ಹುಡುಗಿಯ ಮೊಣಕೈ ನೋಡುತ್ತಿದ್ದ. ಮೊಣಕೈ ಅಲುಗಿತೋ, ಗುಂಡಿ ಒತ್ತಿದ. ಸಾಹೇಬರ ಕಿವಿ ಎಳೆಯರಿಗಿಂತ ಚುರುಕು ಎಂದು ಅವಳು ಮೆಚ್ಚಿದಾಗ ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು, ಮನೆಗೆ ಬಂದು ಹೇಳಿಯೂ ಇದ್ದ. ಅದೇ ವರ್ಷ ಗುಂಡಿ ಸರಿಯಾಗಿ ಒತ್ತಲಾರದ ಇಬ್ಬರು ಆಪರೇಟರುಗಳನ್ನು ಅವನೇ ಕೆಮ್ಮಿಕೊಂಡು, ಗಂಭೀರವಾಗಿ, ಗೋಡೌನಿಗೆ ಕಳಿಸಿದ್ದ.

ಅಡುಗೆಮನೆಯಲ್ಲಿ ಸುಮಂಗಲಾ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದಳು. ಸಾಸಿವೆ ಸಿಡಿಯುವುದು ಕಾಣಿಸಿತು. ಕಾಣಿಸಿತು, ಅಷ್ಟೆ. ಅವನು ಹಾಲಿನ ಚೀಲ ಇಟ್ಟು, ಅವಳ ತುಟಿ ಕಾಣುವ ಕಡೆ ಬಂದು ನಿಂತ. ಹೀಗೆ ನಿಲ್ಲುವುದನ್ನು ತಾನು ಯಾವಾಗ ಕಲಿತೆ ಎಂಬ ಪ್ರಶ್ನೆ ಬಂತು, ಅದನ್ನು ಅಲ್ಲೇ ಬಿಟ್ಟ.

"ಸುಮಂಗಲಾ, ನಿನ್ನೆ ಸಾಯಲಿ ಗಾಡಿ ಚಾಲೂ ಮಾಡಿದ್ದೆನಲ್ಲ. ಮ್ಯಾಲೆ ಹೆಂಗ ಕೇಳಸ್ತು?"

"ಛಲೋ ಕೇಳಸ್ತು ರೀ."

"ಛಲೋ ಅಂದ್ರ? ಒಳಗ ಏನರ ಬಡದಂಗ..."

"ಇಲ್ಲ ಬಿಡ್ರಿ. ನೀವು ಮಾಡಿದ್ದು ಅಂದ ಮ್ಯಾಲೆ ಛಲೋನ ಇರ್ತದ."

"ನಾ ಇನ್ನೂ ಕೇಳಿ ಮುಗಿಸಿಲ್ಲ."

"ಹೌದ್ರಿ. ಛಲೋ ಅದ ರೀ." ಅವಳು ಕೊತ್ತಂಬರಿ ಉದುರಿಸಿದಳು. "ಅವಲಕ್ಕಿ ಆರತಾವ, ತಿನ್ರಿ."

ಆ ದನಿ ಅವನಿಗೆ ಗೊತ್ತಿತ್ತು. ವಿಮೆಯ ಏಜೆಂಟರನ್ನು ಬಾಗಿಲಲ್ಲೇ ನಯವಾಗಿ ವಾಪಸು ಕಳಿಸುವ ದನಿ. ಮದುವೆಯಾದ ಹೊಸತರಲ್ಲಿ ಒಮ್ಮೆ, ಒಂದೇ ಒಮ್ಮೆ, ಅವನು ರಿಪೇರಿ ಮಾಡಿದ ರೇಡಿಯೋ ಗುಂಯ್ ಎನ್ನುತ್ತಿದೆ ಎಂದು ಅವಳು ಹೇಳಿದ್ದಳು. ಅವನು ಅದನ್ನು ಮತ್ತೆ ಬಿಚ್ಚಿ, ಊಟದ ಮೇಜಿನ ತುಂಬ ಹರವಿ, ಅವಳೊಂದಿಗೆ ಮಾತು ಬಿಟ್ಟಿದ್ದ. ಅವಳ ತವರಿನವರು ಬಂದಾಗಲೂ ಮೇಜು ತೆರವು ಮಾಡಲಿಲ್ಲ. ಅವರೆಲ್ಲ ನೆಲದ ಮೇಲೆ ಕೂತು ಉಂಡು, ಅಳಿಯಂದಿರಿಗೆ ಮಶೀನುಗಳ ಮೇಲೆ ಭಾಳ ಪ್ರೀತಿ ಎಂದು ಹೊಗಳಿ ಬೆಳಗಾವಿಗೆ ಹೋದರು. ಆಮೇಲೆ ಈ ಮನೆಯಲ್ಲಿ ಯಾವುದೂ ಗುಂಯ್ ಎಂದಿರಲಿಲ್ಲ. ಎಲ್ಲವೂ ಛಲೋ ಇತ್ತು. ಎಷ್ಟೋ ವರ್ಷ ಇದನ್ನೇ ಅವನು ಸಂಸಾರ ಸುಖವೆಂದು ತಿಳಿದಿದ್ದ. ಈಗ, ಬಾಯಿತುಂಬ ಅವಲಕ್ಕಿ ಇಟ್ಟುಕೊಂಡು, ಒಂದೇ ಒಂದು ದೂರು ಸಿಕ್ಕರೆ ಸಾಕು ಎಂದು ಹೆಂಡತಿಯ ಬೆನ್ನನ್ನು ನೋಡುತ್ತ ಕೂತ. ಬೆನ್ನೂ ಛಲೋ ಎಂದೇ ಹೇಳುತ್ತಿತ್ತು.

ಸಾಯಲಿ ಇನ್ನೂ ಬ್ಯಾಗಿನ ಜಿಪ್ಪಿನೊಂದಿಗೆ ಗುದ್ದಾಡುತ್ತಿದ್ದಳು. ಅವನು ಟೂಲ್ ಬಾಕ್ಸು ತೆಗೆದುಕೊಂಡು ಕೆಳಗಿಳಿದ. ಸುತ್ತ ಯಾರೂ ಇಲ್ಲದ್ದನ್ನು ನೋಡಿ ಅವಳ ಗಾಡಿ ಚಾಲೂ ಮಾಡಿದ. ಸ್ಕ್ರೂಡ್ರೈವರನ್ನು ಇಂಜಿನ್ನಿನ ಪಕ್ಕಕ್ಕೆ ಒತ್ತಿ ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಹಚ್ಚಿದ. ಧಬ ಧಬ ಧಬ. ಪಕ್ಕದ ಕಟ್ಟಡದಲ್ಲಿ ಯಾರೋ ಗಾದಿ ಬಡಿದಂತೆ. ಅದರೊಳಗೆ ಇರಬೇಕಾದದ್ದು, ಅದರ ಮೇಲೆ ಸಣ್ಣಗೆ ಕಟಕಟ ಎನ್ನಬೇಕಾದದ್ದು, ಇದೆಯೋ ಇಲ್ಲವೋ. ಇನ್ನೊಂದು ಕಿವಿಗೆ ಹಚ್ಚಿದ. ಹಲ್ಲಿಗೆ ಕಚ್ಚಿಯೂ ನೋಡಿದ. ಹಲ್ಲು ಝುಮ್ಮೆಂದಿತೇ ಹೊರತು ಸುದ್ದಿ ಬರಲಿಲ್ಲ. ಸ್ಕ್ರೂಡ್ರೈವರು ಕಚ್ಚಿಕೊಂಡು ಕುಕ್ಕರುಗಾಲಿನಲ್ಲಿ ಕೂತ ಸ್ಥಿತಿಯಲ್ಲೇ ಅವನು ತಲೆ ಎತ್ತಿದಾಗ ಎದುರಿಗೆ ಬಕೆಟ್ಟು ಹಿಡಿದ ಕೃಷ್ಣಾಜಿ ನಿಂತಿದ್ದರು. ರವಿವಾರ ಅವರು ಸ್ಕೂಟರಿಗೆ ಅಭ್ಯಂಜನ ಮಾಡಿಸುವ ದಿನ.

"ಕಾಯ್ ಸಾಹೇಬ, ನಾಷ್ಟಾ?"

ಅವಧೂತ ಸ್ಕ್ರೂಡ್ರೈವರು ಬಾಯಿಂದ ತೆಗೆದು, ಅದು ತಪಾಸಣೆಯ ಒಂದು ಹಳೆಯ ಜರ್ಮನ್ ಪದ್ಧತಿ ಎಂದು ಮರಾಠಿಯಲ್ಲಿ ಹೇಳಿದ. ಹೇಳಿ ಮುಗಿಸುವುದರೊಳಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆಮೇಲೆ, ಏನೋ ಹವಾಮಾನ ಕೇಳುವವನಂತೆ, ಇಂಜಿನ್ನಿನ ಆವಾಜು ಹೇಗಿದೆ ಎಂದು ಕೇಳಿದ. ಕೃಷ್ಣಾಜಿ ಇಂಜಿನ್ನನ್ನು ನೋಡಿದರು, ಅವನನ್ನು ನೋಡಿದರು. ಹೋದ ವರ್ಷ ಸೊಸೈಟಿಯ ನೀರಿನ ಪಂಪಿನ ವಿಷಯದಲ್ಲಿ ಅವರು ಅವಧೂತನ ರಿಪೇರಿಯ ಬಗ್ಗೆ ಸಣ್ಣ ಅನುಮಾನ ತೆಗೆದು, ಸಭೆ ಮುಗಿಯುವವರೆಗೂ ಅನುಭವಿಸಿದ್ದರು.

"ಏಕದಮ್ ಮಸ್ತ್!" ಎಂದರು ಕೃಷ್ಣಾಜಿ. "ಆವಾಜಚ್ ನಾಹೀ." ಸದ್ದೇ ಇಲ್ಲವೆಂದು ಕೈಯಾಡಿಸಿ, ಬಕೆಟ್ಟು ಎತ್ತಿಕೊಂಡು, ಸ್ಕೂಟರು ಆ ಕಡೆಯ ತುದಿಯಲ್ಲಿದ್ದರೂ ಈ ಕಡೆಗೇ ಬೇಗ ಬೇಗ ಹೊರಟುಹೋದರು.

ಭೀಮುವನ್ನು ಕರೆದ. ಭೀಮು ಬಂದು, ಅಂಗಿಯ ಮೇಲಿನ ಚಹಾದ ಕಲೆಯ ಮೇಲೆ ಕೈಯಿಟ್ಟುಕೊಂಡು ನಿಂತ.

"ಭೀಮು, ಖರೇ ಹೇಳು. ಹೆದರಬ್ಯಾಡ. ಈ ಗಾಡಿಯೊಳಗ ಕಟಕಟ ಕೇಳ್ಲಾಕತ್ತದೇನು?"

ಭೀಮು ಕಿವಿಗೊಟ್ಟು ಆಲಿಸಿದ. ಬೆಳಿಗ್ಗೆ ಒಮ್ಮೆ ಬಾಯಿ ಜಾರಿದ್ದಕ್ಕೆ ಇನ್ನೂ ಬೆವರುತ್ತಿದ್ದವನು ಎರಡನೆಯ ಸಲ ಜಾರುವಷ್ಟು ದಡ್ಡನಲ್ಲ. "ಬೆಣ್ಣಿ ಆಗ್ಯಾದ್ರಿ ಸಾಹೇಬ್ರ."

"ನನ್ನ ಗಾಡಿ ಕಟಕಟ ಅಂತದಂದಿ?"

"ನಿಮ್ಮದೂ ಬೆಣ್ಣಿ ರೀ."

ಅವಧೂತನಿಗೆ ಅವನ ಕುತ್ತಿಗೆ ಪಟ್ಟಿ ಹಿಡಿದು ಅಲುಗಾಡಿಸಬೇಕೆನ್ನಿಸಿತು. ಒಬ್ಬ ಮನುಷ್ಯ ತನ್ನ ಸುತ್ತ ಇಷ್ಟು ಜನರನ್ನು, ಒಬ್ಬೊಬ್ಬರನ್ನೇ, ಇಷ್ಟು ಅಚ್ಚುಕಟ್ಟಾಗಿ ಹೌದಪ್ಪಗಳನ್ನಾಗಿ ಮಾಡಿಕೊಂಡದ್ದು ಸಣ್ಣ ಸಾಧನೆಯಲ್ಲ. ಬೇರೆ ಯಾವ ಮಶೀನೂ ಅವನ ಕೈಯಲ್ಲಿ ಇಷ್ಟು ಚೆನ್ನಾಗಿ ಸೆಟ್ ಆಗಿರಲಿಲ್ಲ. ಈಗ ಇಡೀ ಧನಕವಡಿಯಲ್ಲಿ ಅವನಿಗೆ ಬೇಕಾದ ಒಂದು ಸಣ್ಣ ಸಂಗತಿ, ಒಂದು ಬೋಲ್ಟು ಸಡಿಲವೋ ಬಿಗಿಯೋ ಎಂಬುದು, ಎಲ್ಲರಿಗೂ ಗೊತ್ತಿತ್ತು, ಅವನೊಬ್ಬನನ್ನು ಬಿಟ್ಟು.

ಸಾಯಲಿ ಇಳಿದು ಬಂದಳು. ಜಾಕೆಟ್ಟು, ಬೂಟು, ಬೆನ್ನಿಗೆ ಬ್ಯಾಗು. ಫೌಂಡ್ರಿಯ ಲ್ಯಾಬಿನಲ್ಲಿ ಕೆಲಸ, ನಾಳೆಯೇ ಹಾಜರಾಗಬೇಕು. ಹಿಂದೆಯೇ ಸುಮಂಗಲಾ ಕುಂಕುಮದ ಬಟ್ಟಲು, ನಿಂಬೆಹಣ್ಣು ಹಿಡಿದು ಬಂದಳು. ಗಾಡಿಯ ಮುಂದಿನ ದೀಪಕ್ಕೆ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಳು. ಇಂಜಿನ್ನು ಇನ್ನೂ ಚಾಲೂ ಇತ್ತು. ತಾಯಿ ಮಗಳು ಒಂದು ಕ್ಷಣ ಒಬ್ಬರನ್ನೊಬ್ಬರು ನೋಡಿದ್ದನ್ನು ಅವಧೂತ ನೋಡಿದ. ಮೊದಲಾದರೆ ಅದು ಅಗಲಿಕೆಯ ದುಃಖ ಎಂದುಕೊಳ್ಳುತ್ತಿದ್ದ.

ಅವನ ಕಣ್ಣ ಮುಂದೆ ಕೊಲ್ಹಾಪುರದ ದಾರಿಯ ಖಂಬಾಟ್ಕಿ ಘಾಟು ಬಂದು ನಿಂತಿತು. ಏರು. ಹಿಂದೆ ಮುಂದೆ ಲಾರಿಗಳು. ನಡುವೆ ಗೇರು ಇಳಿಸಿ ಆಕ್ಸಲರೇಟರು ಕೊಡುವ ಸಾಯಲಿ. ಒಳಗೆ ಜೋಲುವ ಚೈನು, ಅದಕ್ಕೆ ಒರಗಿಯೂ ಒರಗದಂತಿರುವ ತನ್ನ ಕೈಯ ಬೋಲ್ಟು. ಒಂದು ಹಲ್ಲು ಜಿಗಿದರೆ ಸಾಕು. ಗಾಡಿ ನಿಲ್ಲುತ್ತದೆ, ಹಿಂದಿನ ಲಾರಿ ನಿಲ್ಲುವುದಿಲ್ಲ. ತಕ್ಕಡಿಯ ಒಂದು ಕಡೆ ಮಗಳು, ಇನ್ನೊಂದು ಕಡೆ ತನ್ನ ಎರಡು ಕಿವಿ. ಮುಳ್ಳು ಆ ಕ್ಷಣವೇ ಮಗಳ ಕಡೆ ವಾಲಿತು ಎಂದು ಹೇಳುವ ಹಾಗಿದ್ದರೆ ಎಷ್ಟು ಚೆನ್ನಾಗಿತ್ತು. ವಾಲಲಿಲ್ಲ. ಅದು ನಡುವೆಯೇ ನಡುಗುತ್ತ ನಿಂತಿತು. ಆ ಹೊತ್ತಿನಲ್ಲಿ ಅವನು ಯೋಚಿಸಿದ್ದು, ದೇವರೇ, ಟೈರಿಗೆ ಮೊಳೆ ಚುಚ್ಚಲು ಸಮಯ ಸಿಗುತ್ತದೆಯೇ ಎಂದು. ಪಂಕ್ಚರಾದರೆ ಯಾರ ತಪ್ಪೂ ಇಲ್ಲ. ಬಸ್ಸಿಗೆ ಕಳಿಸಬಹುದು.

"ತಡಿ," ಎಂದ. "ರಾಹುಕಾಲ ಮುಗೀಲಿ."

ಜಾತಕ ಹಿಡಿದು ಬಂದವರನ್ನು ಲೇಥಿಗೆ ಹಾಕಿದಂತೆ ಕೆರೆದು ಕಳಿಸುತ್ತಿದ್ದವನ ಬಾಯಲ್ಲಿ ಈ ಮಾತು ಕೇಳಿ ಸುಮಂಗಲಾ ಬಟ್ಟಲು ಕೆಳಗಿಟ್ಟಳು. "ಐತವಾರ ರಾಹುಕಾಲ ಸಂಜೀಗೆ ರೀ," ಎಂದಳು ಮೆಲ್ಲಗೆ.

"ಹಂಗಾರ... ಹೌದು. ಗೊತ್ತದ ನನಗ."

"ಅಪ್ಪಾ, ಬರ್ತೀನಿ," ಎಂದು ಸಾಯಲಿ ಬಗ್ಗಿ ಕಾಲು ಮುಟ್ಟಿದಳು. ಎದ್ದು ಹೆಲ್ಮೆಟ್ಟು ಎತ್ತಿಕೊಂಡಳು. ಬೂಟು ಗೇರಿನ ಮೇಲೆ ಹೋಯಿತು. ಅವಧೂತ ಮುಂದಿನ ಚಕ್ರಕ್ಕೆ ಅಡ್ಡ ಬಂದು ನಿಂತ. ಇಷ್ಟು ವರ್ಷ ಉಪನ್ಯಾಸ ಕೊಟ್ಟ ಬಾಯಿಗೆ ಎರಡು ಶಬ್ದ ಹೊರಡಿಸಲು ಇಷ್ಟು ಕಷ್ಟವಾಗಬಾರದಿತ್ತು.

"ನನಗ ಕೇಳಸೂದಿಲ್ಲ."

ಸಾಯಲಿ ಕೀಲಿ ತಿರುಗಿಸಿ ಇಂಜಿನ್ನು ನಿಲ್ಲಿಸಿದಳು. "ಏನ್ ಕೇಳಸೂದಿಲ್ಲ ಅಪ್ಪಾ?"

"ಕಟಕಟ. ಅದು ಅದನೋ ಇಲ್ಲೋ ನನಗ ತಿಳಿಯೂದಿಲ್ಲ. ನಿನ್ನೇನೂ ತಿಳೀಲಿಲ್ಲ. ಸುಮ್ಮನ ತಿರಿವಿ ನಟ್ ಬಿಗಿದೆ." ಅವನು ತನ್ನ ಕಿವಿಯ ಹಾಲೆ ಹಿಡಿದು ಎಳೆದ. "ಕಿವಿ ಹೋಗ್ಯಾವ ನನ್ನವು. ಎಂದೋ ಹೋಗ್ಯಾವ."

ಆಕಾಶ ಕಳಚಿ ಬೀಳುತ್ತದೆ ಎಂದುಕೊಂಡಿದ್ದ. ಸುಮಂಗಲಾ ಬಾಯಿಗೆ ಸೆರಗು ಇಟ್ಟುಕೊಳ್ಳಬೇಕು, ಮಗಳು ಅಪ್ಪಾ ಎಂದು ಕೈ ಹಿಡಿಯಬೇಕು, ಭೀಮು ತಲೆ ತಗ್ಗಿಸಬೇಕು. ಯಾರೂ ಆಶ್ಚರ್ಯಪಡಲಿಲ್ಲ. ಸುಮಂಗಲಾ ಕಾಲಿನಿಂದ ನಿಂಬೆಹಣ್ಣನ್ನು ಚಕ್ರದ ಕೆಳಗಿನಿಂದ ಸರಿಸಿದಳು, ಅಷ್ಟೆ. ಜೀವನದ ದೊಡ್ಡ ಗುಟ್ಟನ್ನು ಬಿಚ್ಚಿಟ್ಟಾಗ ಕೇಳಿದವರಿಗೆ ಅದು ಹಳೆಯ ಸುದ್ದಿಯಾಗಿರುವುದಕ್ಕಿಂತ ದೊಡ್ಡ ಅಪಮಾನ ಇನ್ನೊಂದಿಲ್ಲ ಎಂದು ಅವನಿಗೆ ಅನ್ನಿಸಿತು.

"ನಮಗ ಗೊತ್ತದ ರೀ," ಎಂದಳು ಸುಮಂಗಲಾ. "ಕಾತ್ರಜದ ಬೋಗದಾ, ಆ ಸುರಂಗ, ದಾಟಿ ಒಂದು ಗ್ಯಾರೇಜ್ ಅದ. ಅಲ್ಲೆ ನಿಂದರಿಸಿ ಬರೊಬ್ಬರಿ ಮಾಡಿಸ್ಕೊಂಡು ಹೋಗಂತ ಹೇಳಿದ್ದೆ ಆಕೀಗೆ. ನಿಮ್ಮ ಕಣ್ಣ ಮುಂದ ಬ್ಯಾಡ ಅಂತ."

"ಗ್ಯಾರೇಜ್?"

"ಮತ್ತ? ಮಿಕ್ಸರ್ ಹಂಗ ಅಲ್ಲೇನು ನಡದದ್ದು? ನೀವು ರಿಪೇರಿ ಮಾಡಿದ ಮ್ಯಾಲೆ ನಾ ಚೀಲದಾಗ ಹಾಕ್ಕೊಂಡು ಅಂಗಡಿಗೆ ಒಯ್ದು ಬಂದೆ. ಫ್ಯಾನ್? ನೀವು ಡ್ಯೂಟಿಗೆ ಹೋದಾಗ ಇಲೆಕ್ಟ್ರಿಶಿಯನ್ ಬಂದು ಹೋದ. ಗೀಜರ್..." ಅವಳ ದನಿ ಏರಿತು. ಕೈಗಳು ಮಾತಿಗಿಂತ ಮುಂದೆ ಓಡಲು ಶುರು ಮಾಡಿದವು. ಕಟ್ಟೆ ಒಡೆದಿತ್ತು. ಸ್ಕೂಟರ್ ಬಿಟ್ಟು ಕೃಷ್ಣಾಜಿಯೂ ಬಂದರು. ನೀರಿನ ಪಂಪಿನ ಬಗ್ಗೆ ತಮ್ಮದೂ ಒಂದು ಮಾತಿದೆ ಎಂದರು. ಬೆಳಗಿನ ವಾಕಿಂಗಿನವರು ಅವನ ಗಾಡಿಯ ಸದ್ದು ಕೇಳಿದರೆ ಕಾಲುದಾರಿ ಹತ್ತುತ್ತಾರೆಂದೂ ಅವರೇ ಹೇಳಿದರು. ಭೀಮು ಡಬ್ಬಿ ಮತ್ತು ಮೊಳೆಯ ಹೋಲಿಕೆಯನ್ನು ಈ ಸಲ ಪೂರ್ತಿ ಮುಗಿಸಿದ. ಸುಮಂಗಲಾ ಈಗ ಮಿಕ್ಸರು ಗೀಜರುಗಳನ್ನು ದಾಟಿ ಎಲ್ಲಿಗೋ ಹೋಗಿದ್ದಳು, ಬೆಳಗಾವಿಗೆ, ನೆಲದ ಮೇಲೆ ಕೂತು ಉಂಡ ತನ್ನ ಅಪ್ಪನಿಗೆ. ಅವಳ ಕಣ್ಣು ತುಂಬಿತ್ತು. ಮೂವರೂ ಒಟ್ಟಿಗೆ ಮಾತಾಡುತ್ತಿದ್ದರಿಂದ ಅವಧೂತನಿಗೆ ಮುಕ್ಕಾಲು ಪಾಲು ತಿಳಿಯಲಿಲ್ಲ. ಹೌದು, ಹೌದು, ಎಂದು ರೂಢಿಯಂತೆ ತಲೆ ಆಡಿಸುತ್ತ ನಿಂತ. ತಿಳಿಯದೆ ಹೋದದ್ದೇ ಒಳ್ಳೆಯದಾಯಿತೆಂದು ಒಳಗೊಂದು ಹೇಡಿ ಜೀವ ಸಮಾಧಾನಪಟ್ಟುಕೊಂಡಿತು. ಆದರೆ ಹೆಂಡತಿಯ ಕಣ್ಣು ತುಂಬಿದ್ದು ಕಿವಿಯ ವಿಷಯವಾಗಿರಲಿಲ್ಲ. ಅದು ನೆಟ್ಟಗೆ ಬಂದು ತಾಗಿತು.

"ಸಾಕು," ಎಂದಳು ಸಾಯಲಿ. "ಅವ್ವಾ, ಸಾಕು ಬಿಡು. ಅಪ್ಪಾ, ಗ್ಯಾರೇಜಿಗೆ ತೋರಿಸ್ತೀನಿ, ಕಾಳಜಿ ಬ್ಯಾಡ."

ಇಲ್ಲಿಗೆ ಮುಗಿಸಬಹುದಿತ್ತು. ಮಗಳು ಕ್ಷೇಮ, ಬೋಗದಾ ದಾಟಿದರೆ ಗ್ಯಾರೇಜು. ಆದರೆ ಅವಧೂತ ಟೂಲ್ ಬಾಕ್ಸಿನಿಂದ ನಟ್ಟು ತಿರುಗಿಸುವ ಪಾನಾ ತೆಗೆದ. "ಇಲ್ಲ. ಬೋಗದಾ ತನಕಾನೂ ಏರು ಅದ. ನೀ ಕೇಳು, ನಾ ತಿರಗಸ್ತೀನಿ." ಅವಳು ಏನೋ ಹೇಳಲು ಹೋದಳು. "ಸಾಯಲಿ, ಕೇಳವ್ವಾ. ಕೈ ಇನ್ನೂ ಛಲೋ ಅದಾವ. ಕಿವಿ ಅಷ್ಟ ಕೊಡು."

ಇಂಜಿನ್ನು ಚಾಲೂ ಆಯಿತು. ಅವನು ಕುಕ್ಕರುಗಾಲಲ್ಲಿ ಕೂತು ನಟ್ಟು ಸಡಿಲಿಸಿದ. ಬೋಲ್ಟಿನ ತಲೆಗೆ ಬೆರಳಿಟ್ಟು ಮಗಳ ಮುಖ ನೋಡಿದ. ಅವಳು ಕಣ್ಣು ಮುಚ್ಚಿ, ತಲೆ ಓರೆ ಮಾಡಿ, ಇಂಜಿನ್ನಿನ ಕಡೆ ಬಾಗಿದ್ದಳು. ಹಿಂದೆ ತಾನು ಹೀಗೆ ಕಾಣುತ್ತಿದ್ದಿರಬೇಕು. ಸ್ವಲ್ಪ ತಿರುಗಿಸಿದ. "ಬಡೀತದ," ಎಂದಳು. ಮತ್ತೆ ತಿರುಗಿಸಿದ. "ಇನ್ನೂ ಅದ." ಮತ್ತೊಂದು ಚೂರು. ಅವಳು ತಡೆದಳು, ಆಲಿಸಿದಳು, ಕಣ್ಣು ತೆರೆದು ಹಲ್ಲು ಕಾಣುವಂತೆ ನಕ್ಕಳು. "ನಿಂತು. ಮಸ್ತ್ ಅದ ಅಪ್ಪಾ."

ನಿನ್ನೆಯ ನಗೆ. ನಿನ್ನೆಯ ಮಾತು. ಅವನು ಬೋಲ್ಟಿನ ಮೇಲಿಂದ ಬೆರಳು ತೆಗೆಯಲಿಲ್ಲ. ಈ ಮಸ್ತ್ ನಿಜದ್ದೋ, ನೊಂದ ಅಪ್ಪನಿಗೆ ಉಣಿಸಿದ ಇನ್ನೊಂದು ತುತ್ತೋ? ಎರಡಕ್ಕೂ ಒಂದೇ ಮುಖ; ಆ ಮುಖವನ್ನು ಮಾಡಿಸಿದವನು ತಾನೇ. "ಖರೇನ?" ಎಂದ. "ಖರೇನ," ಎಂದಳು. ಖರೇನ ಎಂದು ಕೇಳಿದರೆ ಖರೇನ ಎಂದೇ ಹೇಳುವ ಮನೆ ಇದು. ಅವನು ನಟ್ಟು ಬಿಗಿಯುವವನಂತೆ ಬಾಗಿ, ಹೆಗಲಿನಿಂದ ಮರೆ ಮಾಡಿ, ಯಾರಿಗೂ ಕಾಣದಂತೆ ಬೋಲ್ಟನ್ನು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿದ. ತನ್ನ ಮಗಳನ್ನು, ಅವಳು ಮನೆ ಬಿಟ್ಟು ಹೊರಟ ಹೊತ್ತಿನಲ್ಲಿ, ಕಳ್ಳನಂತೆ ಪರೀಕ್ಷಿಸುತ್ತಿದ್ದೇನೆ ಎಂದು ನಾಚಿಕೆಯಾಯಿತು. ನಾಚಿಕೆಯಾದರೂ ಕೈ ನಿಲ್ಲಲಿಲ್ಲ. ಮುಖ ಎತ್ತಿ, ಆದಷ್ಟು ಸಹಜವಾಗಿ, ಹಳೆಯ ಉಪನ್ಯಾಸದ ದನಿಯಲ್ಲೇ ಹೇಳಿದ.

"ಆತು. ಈಗ ಏಕದಮ್ ಬರೊಬ್ಬರಿ. ಹೌದಲ್ಲೋ?"

ಸಾಯಲಿಯ ಹುಬ್ಬು ಗಂಟಿಕ್ಕಿತು. ಅವಳು ಅಮ್ಮನನ್ನು ನೋಡಿದಳು. ಸುಮಂಗಲಾ ಬೇರೆ ಕಡೆ ನೋಡಿದಳು. ಭೀಮು ಅಂಗಿಯ ಕಲೆ ನೋಡಿಕೊಂಡ. ಅವಧೂತನಿಗೆ ಬೋಲ್ಟು, ಘಾಟು, ಲಾರಿ ಯಾವುದೂ ನೆನಪಿರಲಿಲ್ಲ. ಹೇಳು, ಎಂದು ಒಳಗೊಳಗೇ ಬೇಡಿಕೊಂಡ. ಹೇಳು ತಾಯಿ.

"ಏನ್ ಬರೊಬ್ಬರಿ?" ಸಾಯಲಿಯ ದನಿ ಅವನಿಗೂ ಸರಿಯಾಗಿ ಕೇಳಿಸುವಷ್ಟು ಗಟ್ಟಿಯಾಗಿತ್ತು. "ಕೆಡಿಸಿದಿ ಅಪ್ಪಾ! ಛಲೋ ಇತ್ತು, ಮತ್ತ ಯಾಕ ತಿರಿವಿದಿ? ಮತ್ತ ಬಡಿಯಾಕತ್ತು ನೋಡು. ಒಂದೂ ಕೆಲಸ ಮುಗಿಸಿ ಸುಮ್ಮನ ಕೂಡೂದ ಗೊತ್ತಿಲ್ಲ ನಿನಗ."

ಅವನ ಕಿವಿಯವರೆಗೂ ಬಿಸಿಯೇರಿತು. ವಾಚ್‌ಮನ್‌ನ ಎದುರು, ಸೆಕ್ರೆಟರಿಯ ಎದುರು, ಹೆಂಡತಿಯ ಎದುರು. ಮೈಯೆಲ್ಲ ಉರಿಯಿತು, ಆ ಉರಿಯ ನಡುವೆಯೇ ಒಂದು ಸಂತೋಷ, ಎಷ್ಟು ದೊಡ್ಡದೆಂದರೆ ಎಲ್ಲಿ ಅಳು ಬಂದುಬಿಡುತ್ತದೋ ಎಂದು ಅವನು ಟೂಲ್ ಬಾಕ್ಸಿನಲ್ಲಿ ಇಲ್ಲದ ಯಾವುದೋ ಸಾಮಾನು ಹುಡುಕತೊಡಗಿದ. ಸಾಯಲಿ ಕೈಗವಸು ಬಿಚ್ಚಿ ಟಾಕಿಯ ಮೇಲೆ ಎಸೆದಳು, ಅವನ ಪಕ್ಕದಲ್ಲೇ ಕೂತು ಅವನ ಕೈಯಿಂದ ಪಾನಾ ಕಿತ್ತುಕೊಂಡಳು. ತಲೆ ಓರೆ ಮಾಡಿ ಬೋಲ್ಟಿಗೆ ಬೆರಳಿಟ್ಟಳು.

"ಬೆಳಕಿಗೆ ಅಡ್ಡ ಕುಂತೀ ಅಪ್ಪಾ. ಅತ್ತಾಗ ಸರಿ."

ಅವಧೂತ ಸರಿದು ಕೂತ.